ಅಗ್ಗದ ಹೂಡಿ, ದುಬಾರಿ ಉಪದೇಶ

ಸೆಪ್ಟೆಂಬರ್ ಕೊನೆಯ ವಾರ ಬಂತೆಂದರೆ ಸಿಯಾಟಲ್‌ನ ಯೂನಿವರ್ಸಿಟಿ ಡಿಸ್ಟ್ರಿಕ್ಟ್ ಬೀದಿಗಳಲ್ಲಿ ಎರಡೆರಡು ಸೂಟ್‌ಕೇಸ್ ಎಳೆದುಕೊಂಡು ಓಡಾಡುವ ನಮ್ಮ ಹುಡುಗ ಹುಡುಗಿಯರು ಕಾಣಿಸುತ್ತಾರೆ. ಹಾಸನದವರು, ಹುಬ್ಬಳ್ಳಿಯವರು, ಬೆಂಗಳೂರಿನ ವಿಜಯನಗರದವರು. ಅಕ್ಟೋಬರ್ ಮಳೆ ಹಿಡಿಯುವ ಹೊತ್ತಿಗೆ ಇವರಿಗೆ ಎರಡು ವಸ್ತು ಸಿಕ್ಕಿರುತ್ತವೆ. ಒಂದು, ದೂರದ ದೇಶದ ಯಾವನೋ ಮಾರಾಟಗಾರನಿಂದ ತರಿಸಿಕೊಂಡ ಇಪ್ಪತ್ತು ಚಿಲ್ಲರೆ ಡಾಲರಿನ ಹೂಡಿ. ಇನ್ನೊಂದು, ಆ ಹೂಡಿಯ ಬಗ್ಗೆ ನಮ್ಮವರೇ ಕೊಡುವ ಪುಕ್ಕಟೆ ಉಪದೇಶ.

ಈ ಉಪದೇಶದಲ್ಲಿ ಮೂರು ಬಗೆ. ಮೊದಲನೆಯದು ಮರ್ಯಾದೆಯ ಉಪದೇಶ: "ಅಮೆರಿಕಕ್ಕೆ ಬಂದು ಇದೇನಮ್ಮಾ ಹಾಕ್ಕೊಂಡಿದ್ದೀಯ, ಸ್ವಲ್ಪ ಒಳ್ಳೆ ಬ್ರ್ಯಾಂಡ್ ತಗೋಬಾರದಾ?" ಎರಡನೆಯದು ಜಾಣತನದ್ದು: "ಹತ್ತು ಅಗ್ಗದ್ದು ತಗೊಳ್ಳೋ ಬದಲು ಒಂದು ಗಟ್ಟಿಯಾದದ್ದು ತಗೋ." ಮೂರನೆಯದು ನೀತಿಯದ್ದು: "ಅಷ್ಟು ಕಡಿಮೆಗೆ ಕೊಡ್ತಾರೆ ಅಂದ್ರೆ ಯಾರದೋ ಹೊಟ್ಟೆ ಮೇಲೆ ಹೊಡೆದಿರ್ತಾರೆ. ಅಂಥದ್ದನ್ನ ಕೊಳ್ಳೋದೇ ಪಾಪ."

ಮೊದಲ ಎರಡನ್ನು ನಕ್ಕು ಬಿಟ್ಟುಬಿಡಬಹುದು. ಮೂರನೆಯದನ್ನು ಬಿಡೋ ಹಾಗಿಲ್ಲ, ಯಾಕೆಂದರೆ ಅದರಲ್ಲಿ ಅರ್ಧ ಸತ್ಯ ಇದೆ. ಬಟ್ಟೆ ಹೊಲಿಯುವವರಿಗೆ ಮೋಸ ಆಗುತ್ತಿದೆ ಅನ್ನೋದು ನಿಜ. ಆದರೆ ಅದಕ್ಕೆ ಹೊಣೆ ಹೊರಿಸಲು ಹೊರಟಿರುವುದು ಈ ಇಡೀ ಸರಪಳಿಯಲ್ಲಿ ಅತಿ ಕಡಿಮೆ ಶಕ್ತಿ ಇರುವ ಕೊಳ್ಳುಗರ ಮೇಲೆ, ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಯ ಮೇಲೆ. ನಾನು ಅಂಕಿ-ಅಂಶದ ಕೆಲಸ ಮಾಡುವವನು, ಹಾಗಾಗಿ ನನ್ನ ತಕರಾರನ್ನೂ ಹಾಗೇ ಹೇಳುತ್ತೇನೆ. ಬಟ್ಟೆಯ ಮೇಲಿನ ಬೆಲೆಚೀಟಿಗೂ ಹೊಲಿದವರ ಕೂಲಿಗೂ ನೀವು ಅಂದುಕೊಂಡಿರುವ ಸಂಬಂಧ ಇಲ್ಲ. ಅಗ್ಗ ಅಂದ ಮಾತ್ರಕ್ಕೆ ಪಾಪ ಅಲ್ಲ, ದುಬಾರಿ ಅಂದ ಮಾತ್ರಕ್ಕೆ ಪುಣ್ಯವೂ ಅಲ್ಲ.

ಮೊದಲು ಜೇಬಿನ ಲೆಕ್ಕ

ಎಫ್-1 ವೀಸಾದಲ್ಲಿ ಓದಲು ಬಂದವರು ತರಗತಿ ನಡೆಯುವ ದಿನಗಳಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ ಹೆಚ್ಚೆಂದರೆ 20 ಗಂಟೆ ದುಡಿಯಬಹುದು. ಸಿಯಾಟಲ್ ನಗರದ ಕನಿಷ್ಠ ವೇತನ 2025ರಲ್ಲಿ ಗಂಟೆಗೆ 20.76 ಡಾಲರ್. ಕೆಲಸ ಸಿಕ್ಕಿ, ಪೂರ್ತಿ 20 ಗಂಟೆಯೂ ಸಿಕ್ಕಿ, ಈ ದರವೇ ಸಿಕ್ಕರೆ ವಾರಕ್ಕೆ 415 ಡಾಲರ್. ಇದರಲ್ಲಿ ಬಾಡಿಗೆ, ಅಕ್ಕಿ-ಬೇಳೆ, ಫೋನು. ಊರಲ್ಲಿ ಅಪ್ಪ ಸಹಿ ಹಾಕಿದ ಶಿಕ್ಷಣ ಸಾಲದ ಬಡ್ಡಿ ಬೇರೆ ಬೆಳೆಯುತ್ತಿರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಇವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಸಿಗೆ ಎಷ್ಟಿದೆ ಅನ್ನೋದು ಅವರ ಸ್ಪ್ರೆಡ್‌ಶೀಟಿನಲ್ಲೇ ಇದೆ.

ವಾಷಿಂಗ್ಟನ್ ರಾಜ್ಯದ ಒಂದು ವಿಶೇಷವನ್ನೂ ಇಲ್ಲೇ ಹೇಳಬೇಕು. ಬೆಲ್‌ವ್ಯೂ, ರೆಡ್ಮಂಡ್, ಸಮ್ಮಾಮಿಶ್‌ಗಳಲ್ಲಿ ನೆಲೆಸಿರುವ ನಮ್ಮಂಥ ಸಾಫ್ಟ್‌ವೇರ್ ಮಂದಿಯ ಸಂಬಳದ ಮೇಲೆ ಈ ರಾಜ್ಯ ಆದಾಯ ತೆರಿಗೆ ಹಾಕುವುದಿಲ್ಲ. ಅದರ ಬದಲು ಮಾರಾಟ ತೆರಿಗೆ ಇದೆ, ಸಿಯಾಟಲ್‌ನಲ್ಲಿ ಶೇ. 10ಕ್ಕಿಂತ ಹೆಚ್ಚು. ಕೆಲವು ರಾಜ್ಯಗಳಲ್ಲಿ ಬಟ್ಟೆಗೆ ವಿನಾಯಿತಿ ಇದೆ, ಇಲ್ಲಿ ಅದೂ ಇಲ್ಲ. ಅಂದರೆ ಕಾಲುಚೀಲ ಕೊಂಡ ವಿದ್ಯಾರ್ಥಿಯೂ ಅದೇ ಶೇಕಡಾವಾರು ಕೊಡುತ್ತಾನೆ, ಟೆಸ್ಲಾದಲ್ಲಿ ಬಂದು ಜಾಕೆಟ್ ಕೊಂಡ ಡೈರೆಕ್ಟರೂ ಅದನ್ನೇ ಕೊಡುತ್ತಾನೆ. ಯಾರ ದುಡಿಮೆಯಲ್ಲಿ ಹೆಚ್ಚು ಪಾಲು ಹೋಯಿತು ಅಂತ ನೀವೇ ಲೆಕ್ಕ ಹಾಕಿ.

ಸುಂಕದ ಕಥೆ ಇನ್ನೂ ಚೆನ್ನಾಗಿದೆ. ಸುಂಕ ಅಂದರೆ ಹೊರದೇಶದ ಸರಕು ಗಡಿ ದಾಟುವಾಗ ಸರ್ಕಾರ ವಸೂಲು ಮಾಡುವ ಹಣ. ಅಮೆರಿಕದ ಸುಂಕದ ಪಟ್ಟಿಯನ್ನು ತೆರೆದು ನೋಡಿ. ಇತ್ತೀಚಿನ ಹೆಚ್ಚುವರಿ ಸುಂಕಗಳನ್ನೆಲ್ಲ ಬದಿಗಿಟ್ಟು ಬರೀ ಮೂಲ ದರ ನೋಡಿದರೂ ಪಾಲಿಯೆಸ್ಟರ್, ಅಕ್ರಿಲಿಕ್ ಥರದ ಕೃತಕ ನೂಲಿನ ಸ್ವೆಟರಿಗೆ ಶೇ. 32. ಹತ್ತಿಯದಕ್ಕೆ ಶೇ. 16.5. ಕಾಶ್ಮೀರಿ ಮೇಕೆಯ ಮೆತ್ತನೆ ಉಣ್ಣೆಯ, ಶ್ರೀಮಂತರು ಹಾಕುವ ಸ್ವೆಟರಿಗೆ? ಬರೀ ಶೇ. 4. ಬಡವರ ಸ್ವೆಟರಿಗೆ ಎಂಟು ಪಟ್ಟು ಸುಂಕ! ಹೊರದೇಶದ ಸಣ್ಣ ಮಾರಾಟಗಾರನ ಹತ್ತಿರ ಹೋಗುವುದಕ್ಕೆ ವಿದ್ಯಾರ್ಥಿಗೆ ಇಷ್ಟು ಕಾರಣ ಸಾಕು.

ಈ ದಾರಿ ತೆರೆದಿದ್ದೇ ಈ ಊರು

ಹೊರದೇಶದಿಂದ ಅಗ್ಗಕ್ಕೆ ತರಿಸಿಕೊಳ್ಳುವುದು ಏನೋ ಟಿಕ್‌ಟಾಕ್ ಕಾಲದ ಹೊಸ ಚಟ ಅನ್ನುವವರಿಗೆ ಸಿಯಾಟಲ್‌ನ ಒಂದು ಹಳೆ ಕಥೆ ಹೇಳಬೇಕು. 1930ರ ದಶಕದ ನಡುವೆ ಇಲ್ಲಿ ಲಾಯ್ಡ್ ಆಂಡರ್ಸನ್ ಅಂತ ಒಬ್ಬರಿದ್ದರು, ಬೆಟ್ಟ ಹತ್ತುವ ಹುಚ್ಚಿನವರು. ಹಿಮದ ಮೇಲೆ ಹತ್ತಲು ಬೇಕಾಗುವ ಐಸ್ ಆಕ್ಸ್, ಅಂದರೆ ಹಿಮಗೊಡಲಿ, ಊರಿನ ಅಂಗಡಿಯಲ್ಲಿ ವಿಪರೀತ ದುಬಾರಿ. ಅವರು ಆಸ್ಟ್ರಿಯಾದ ಮಾರಾಟಗಾರರಿಂದ ಅಂಚೆ ಖರ್ಚೂ ಸೇರಿ 3.50 ಡಾಲರಿಗೆ ತರಿಸಿಕೊಂಡರು. ಗೆಳೆಯರು "ನಮಗೂ ಒಂದು" ಅಂದರು. 1938ರಲ್ಲಿ ಲಾಯ್ಡ್, ಅವರ ಹೆಂಡತಿ ಮೇರಿ ಮತ್ತು ಅವರ ಜೊತೆಯವರು, ಒಟ್ಟು 23 ಜನ, ತಲೆಗೆ 1 ಡಾಲರ್ ಹಾಕಿ ಒಂದು ಸಹಕಾರಿ ಸಂಘ ಮಾಡಿಕೊಂಡರು. ಅದೇ ಇವತ್ತಿನ ಆರ್‌ಇಐ. ಇವತ್ತು ಅಗ್ಗದ ಜಾಕೆಟ್ ನೋಡಿ ಮೂಗು ಮುರಿಯುವ ನಮ್ಮವರು ತಮ್ಮ ಮುನ್ನೂರು ಡಾಲರಿನ ಮಳೆ ಜಾಕೆಟ್ ಕೊಳ್ಳುವ ಅಂಗಡಿ ಹುಟ್ಟಿದ್ದೇ ಹೊರದೇಶದಿಂದ ಅಗ್ಗಕ್ಕೆ ತರಿಸುವ ಆಸೆಯಿಂದ.

ಅದೇ 1938ರಲ್ಲಿ ಅಮೆರಿಕದ ಸುಂಕದ ಕಾಯಿದೆಗೆ 321ನೇ ಸೆಕ್ಷನ್ ಸೇರಿತು. ತೀರಾ ಸಣ್ಣ ಬೆಲೆಯ ಪೊಟ್ಟಣಕ್ಕೆ ಸುಂಕ ವಸೂಲು ಮಾಡಲು ಹೋದರೆ ವಸೂಲಿಯ ಖರ್ಚೇ ಹೆಚ್ಚಾಗುತ್ತದೆ, ಬಿಟ್ಟುಬಿಡಿ ಅನ್ನುವ ನಿಯಮ. ಇದಕ್ಕೇ "ಡಿ ಮಿನಿಮಿಸ್" ವಿನಾಯಿತಿ ಅನ್ನುತ್ತಾರೆ. ಶುರುವಿನಲ್ಲಿ ಮಿತಿ 1 ಡಾಲರ್. ಬೆಳೆಯುತ್ತಾ ಬೆಳೆಯುತ್ತಾ 200 ಡಾಲರಿಗೆ ಬಂದು, 2016ರಲ್ಲಿ ಒಮ್ಮೆಲೇ 800 ಡಾಲರ್ ಆಯಿತು. ಶೀಇನ್, ಟೆಮು ಬೆಳೆದದ್ದು ಈ ಬಾಗಿಲಿನಿಂದ. 2024ರ ಹಣಕಾಸು ವರ್ಷದಲ್ಲಿ ಹೀಗೆ ಒಳಬಂದ ಪೊಟ್ಟಣಗಳು ಸುಮಾರು 136 ಕೋಟಿ. ಆ ವರ್ಷ ನವೆಂಬರಿನಲ್ಲಿ ನಮ್ಮ ಸಿಯಾಟಲ್‌ನ ಅಮೆಜಾನ್ ಕೂಡ "ಹಾಲ್" ಅನ್ನುವ ವಿಭಾಗ ತೆರೆಯಿತು. ಆಗ ಎಲ್ಲ ವಸ್ತುವೂ 20 ಡಾಲರ್ ಅಥವಾ ಅದಕ್ಕೂ ಕಡಿಮೆ, ಸರಕು ಬರುತ್ತಿದ್ದದ್ದು ಚೀನಾದಿಂದ, ಕಾಯಬೇಕಾಗಿದ್ದದ್ದು ಒಂದೆರಡು ವಾರ. ಇದು ಪಾಪವೇ ಆದರೆ, ಬೆಲ್‌ವ್ಯೂವಿನ ಎಷ್ಟು ಮನೆಗಳ ಸಾಲದ ಕಂತು ಈ ಪಾಪದಿಂದಲೇ ತುಂಬುತ್ತಿದೆ ಅಂತಲೂ ಕೇಳಬೇಕಾಗುತ್ತದೆ.

ಇನ್ನು "ಸ್ಟ್ರೀಟ್‌ವೇರ್" ಅನ್ನುವ ಪದ. ಬೀದಿಯ ಉಡುಪು ಅಂತಲೇ ಅದರ ಅರ್ಥ. ಜೀನ್ಸ್‌ಗೆ 1873ರಲ್ಲಿ ಪೇಟೆಂಟ್ ಪಡೆದಾಗ ಅದು ದುಡಿಯುವವರ ಪ್ಯಾಂಟು. ಮಳೆಯ ಈ ಊರು ಜಗತ್ತಿನ ಫ್ಯಾಷನ್ನಿಗೆ ಕೊಟ್ಟ ದೊಡ್ಡ ಕೊಡುಗೆ ಗ್ರಂಜ್. ಅದು ಏನು ಅಂದರೆ, ಕಾಸಿಲ್ಲದ ಹುಡುಗರು ಸೆಕೆಂಡ್‌ಹ್ಯಾಂಡ್ ಅಂಗಡಿಯಿಂದ ತಂದು ಹಾಕಿಕೊಂಡ ಚೌಕಳಿ ಫ್ಲಾನೆಲ್ ಅಂಗಿ. 1992ರ ನವೆಂಬರಿನಲ್ಲಿ ನ್ಯೂಯಾರ್ಕಿನ ವಿನ್ಯಾಸಕ ಮಾರ್ಕ್ ಜೇಕಬ್ಸ್ ಪೆರಿ ಎಲ್ಲಿಸ್ ಬ್ರ್ಯಾಂಡಿಗಾಗಿ ಅದನ್ನೇ ರೇಷ್ಮೆಯಲ್ಲಿ ಮಾಡಿ ರ‍್ಯಾಂಪ್ ಮೇಲೆ ನಡೆಸಿದರು. ಬಡ ಹುಡುಗ ಹಾಕಿದರೆ ಗತಿಗೇಡು, ರೂಪದರ್ಶಿ ಹಾಕಿದರೆ ಫ್ಯಾಷನ್. ನಮ್ಮಲ್ಲಿ ಒಂದು ಗಾದೆ ಇದೆಯಲ್ಲ, ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತ. ತಿನ್ನೋದು ನಮಗಿಷ್ಟ ಬಂದ ಹಾಗೆ, ಉಡೋದು ಬೇರೆಯವರು ಮೆಚ್ಚುವ ಹಾಗೆ. ಆ ಬೇರೆಯವರು ಯಾರು ಅನ್ನೋದನ್ನು ಮಾತ್ರ ಗಾದೆ ಹೇಳುವುದಿಲ್ಲ. ಇಲ್ಲಿ ಅವರು ಯಾರು ಅಂತ ನನಗೆ ಗೊತ್ತು: ಮೂವತ್ತು ವರ್ಷದ ಹಿಂದೆ ತಾವೂ ಎರಡೇ ಸೂಟ್‌ಕೇಸ್ ಹಿಡಿದು ಬಂದದ್ದನ್ನು ಮರೆತವರು.

ಬೆಲೆಚೀಟಿ ಮತ್ತು ಕೂಲಿ

ಈಗ ಮುಖ್ಯ ವಿಷಯ. ದುಬಾರಿ ಬಟ್ಟೆ ಕೊಂಡರೆ ಹೊಲಿದವರಿಗೆ ಹೆಚ್ಚು ಸಿಗುತ್ತದೆಯೇ?

2013ರ ಏಪ್ರಿಲ್ 24ರಂದು ಬಾಂಗ್ಲಾದೇಶದಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಜನ ಸತ್ತರು. ಅಲ್ಲಿನ ಗಾರ್ಮೆಂಟ್ಸ್‌ಗಳಿಂದ ಬಟ್ಟೆ ತರಿಸಿಕೊಂಡಿದ್ದ ಬ್ರ್ಯಾಂಡುಗಳಲ್ಲಿ ಪ್ರೈಮಾರ್ಕ್ ಇತ್ತು, ಬೆನೆಟನ್ ಇತ್ತು. ಪ್ರೈಮಾರ್ಕ್ ಯುರೋಪಿನಲ್ಲಿ ಅಗ್ಗಕ್ಕೆ ಹೆಸರಾದದ್ದು. ಬೆನೆಟನ್ ನಮ್ಮ ಬ್ರಿಗೇಡ್ ರೋಡಿನಲ್ಲಿ ತೊಂಬತ್ತರ ದಶಕದವರು ಕಣ್ಣರಳಿಸಿ ನೋಡುತ್ತಿದ್ದಂಥ ದುಬಾರಿ ಹೆಸರು. ಎರಡಕ್ಕೂ ಕಟ್ಟಡ ಒಂದೇ. ಪರಿಹಾರದ ಹಣ ಮೊದಲು ಕೊಟ್ಟದ್ದು ಅಗ್ಗದ ಪ್ರೈಮಾರ್ಕ್. ಬೆನೆಟನ್ ಕೊಟ್ಟದ್ದು 2015ರಲ್ಲಿ, ಜನ ಬಹಳ ಒತ್ತಾಯ ಮಾಡಿದ ಮೇಲೆ.

ಯುರೋಪಿನ ಕ್ಲೀನ್ ಕ್ಲೋತ್ಸ್ ಕ್ಯಾಂಪೇನ್ ಸಂಘಟನೆ ಜನರ ಮುಂದಿಟ್ಟ ಒಂದು ಲೆಕ್ಕದ ಪ್ರಕಾರ 29 ಯೂರೋ ಬೆಲೆಯ ಟೀ ಶರ್ಟಿನಲ್ಲಿ ಹೊಲಿದವರಿಗೆ ಸಿಗುವುದು 18 ಸೆಂಟ್, ಶೇ. 1ಕ್ಕೂ ಕಡಿಮೆ. ಉಳಿದದ್ದು ಬಟ್ಟೆ, ಸಾಗಾಟ, ಜಾಹೀರಾತು, ಅಂಗಡಿ ಬಾಡಿಗೆ, ಲಾಭ. ಇದನ್ನು ಅರ್ಥ ಮಾಡಿಕೊಂಡರೆ ಮಿಕ್ಕದ್ದೆಲ್ಲ ಸುಲಭ. ಕೂಲಿಯ ಪಾಲು ಇಷ್ಟು ಸಣ್ಣದಾಗಿರುವಾಗ ಅದನ್ನು ಎರಡು ಪಟ್ಟು ಮಾಡಿದರೂ ಅಂಗಡಿಯ ಬೆಲೆ ಹೆಚ್ಚು ಅಲುಗುವುದಿಲ್ಲ. ಅಂಗಡಿಯ ಬೆಲೆಯನ್ನು ಮೂರು ಪಟ್ಟು ಮಾಡಿದರೂ ಕೂಲಿ ಅಲುಗಬೇಕಾಗಿಲ್ಲ.

ಇಷ್ಟು ದೂರ ಯಾಕೆ, ನಮ್ಮೂರಿಗೇ ಹೋಗೋಣ. ಬೆಂಗಳೂರಿನಲ್ಲಿ ಬೆಳೆದವರಿಗೆ "ಎಕ್ಸ್‌ಪೋರ್ಟ್ ಸರ್ಪ್ಲಸ್" ಅಂಗಡಿ ನೆನಪಿರಲೇಬೇಕು. ಕಾಲರ್ ಹಿಂದಿನ ಲೇಬಲ್ಲನ್ನು ಕತ್ತರಿಯಿಂದ ಅರ್ಧ ಕತ್ತರಿಸಿದ ಟೀ ಶರ್ಟ್, ಇನ್ನೂರು ರೂಪಾಯಿ. ಅದೇ ಗಾರ್ಮೆಂಟ್ಸಿನ, ಅದೇ ಲೈನಿನ ಇನ್ನೊಂದು ಶರ್ಟು ಲೇಬಲ್ ಸಮೇತ ಹಡಗು ಹತ್ತಿ ಇಲ್ಲಿ ಮೂವತ್ತು ನಲವತ್ತು ಡಾಲರ್. ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಮಷಿನ್ ಮುಂದೆ ಕೂತವಳ ದಿನಗೂಲಿ ಎರಡಕ್ಕೂ ಒಂದೇ. ಇದು ಗೊತ್ತಿದ್ದೂ ಬೆಲೆ ನೋಡಿ ಪಾಪಪುಣ್ಯ ಅಳೆಯುತ್ತಾರಲ್ಲ, ಅದೇ ನನಗೆ ಅರ್ಥವಾಗದ ಸಂಗತಿ.

2020ರ ಏಪ್ರಿಲ್‌ನಲ್ಲಿ ಕರ್ನಾಟಕದ ಗಾರ್ಮೆಂಟ್ಸ್ ಕೆಲಸಗಾರರ ಕನಿಷ್ಠ ವೇತನದ ಜೊತೆ ತುಟ್ಟಿಭತ್ಯೆ, ಅಂದರೆ ಬೆಲೆಯೇರಿಕೆ ಸರಿದೂಗಿಸಲು ಕೊಡುವ ಹಣ, ತಿಂಗಳಿಗೆ 417 ರೂಪಾಯಿ ಹೆಚ್ಚಾಗಬೇಕಿತ್ತು. ಕಾರ್ಖಾನೆಗಳು ಕೊಡಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಬಾಕಿ ಸಮೇತ ಕೊಡಿ ಅಂದಿತು. ಆಮೇಲೂ ಕೊಡಲಿಲ್ಲ. ವರ್ಕರ್ ರೈಟ್ಸ್ ಕನ್ಸೋರ್ಷಿಯಂ ಅನ್ನುವ ಅಮೆರಿಕದ ಸಂಸ್ಥೆಯ ಪ್ರಕಾರ ಹೀಗೆ ಬಾಕಿ ಉಳಿದವರು 4 ಲಕ್ಷಕ್ಕೂ ಹೆಚ್ಚು ಜನ, ಬಹುಪಾಲು ಹೆಂಗಸರು. ಈ ಕಾರ್ಖಾನೆಗಳಿಂದ ಬಟ್ಟೆ ತರಿಸಿಕೊಳ್ಳುತ್ತಿದ್ದವರ ಪಟ್ಟಿಯಲ್ಲಿ ನೈಕಿ, ಪೂಮಾ, ಗ್ಯಾಪ್, ಜಾರಾ, ಮಾರ್ಕ್ಸ್ ಅಂಡ್ ಸ್ಪೆನ್ಸರ್ ಎಲ್ಲ ಇದ್ದವು. ರಾಜ್ಯದ ಅತಿ ದೊಡ್ಡ ಉತ್ಪಾದಕ ಕಂಪನಿ ಬಾಕಿ ಕೊಡಲು ಶುರು ಮಾಡಿದ್ದು 2022ರಲ್ಲಿ, ಸುದ್ದಿ ಲಂಡನ್ನಿನ ಪತ್ರಿಕೆಯಲ್ಲಿ ಬಂದ ಮೇಲೆ.

417 ರೂಪಾಯಿಯನ್ನು ತಿಂಗಳಿನ 26 ಕೆಲಸದ ದಿನಕ್ಕೆ, ದಿನದ 8 ಗಂಟೆಗೆ ಹಂಚಿ. ಗಂಟೆಗೆ 2 ರೂಪಾಯಿ ಬರುತ್ತದೆ. ಇಡೀ ವರ್ಷದ ಬಾಕಿ 5,004 ರೂಪಾಯಿ, ಆಗಿನ ವಿನಿಮಯದಲ್ಲಿ 70 ಡಾಲರಿಗೂ ಕಡಿಮೆ. ಅಂದರೆ ಬೆಲ್‌ವ್ಯೂ ಸ್ಕ್ವೇರ್ ಮಾಲಿನಲ್ಲಿ ಒಂದು ಬ್ರ್ಯಾಂಡೆಡ್ ಹೂಡಿ. ಒಂದು ಹೂಡಿಯ ದುಡ್ಡಲ್ಲಿ ಒಬ್ಬ ಹೆಂಗಸಿನ ಒಂದು ವರ್ಷದ ಬಾಕಿ ತೀರುತ್ತಿತ್ತು. ಆದರೂ ಅದು ಅವಳಿಗೆ ತಲುಪಲಿಲ್ಲ. "ಒಳ್ಳೆ ಬ್ರ್ಯಾಂಡ್ ತಗೋ" ಅನ್ನುವ ಉಪದೇಶದ ಬೆಲೆ ಇಷ್ಟೇ.

ಅದೇ 2020ರ ಜೂನಿನಲ್ಲಿ ಶ್ರೀರಂಗಪಟ್ಟಣದಲ್ಲಿ ಎಚ್ ಅಂಡ್ ಎಮ್‌ಗೆ ಬಟ್ಟೆ ಹೊಲಿಯುತ್ತಿದ್ದ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ನ ಒಂದು ಕಾರ್ಖಾನೆ ಮುಚ್ಚಿತು. ಸುಮಾರು 1,200 ಜನ ಬೀದಿಗೆ ಬಿದ್ದರು, ಗೇಟಿನ ಮುಂದೆ ವಾರಗಟ್ಟಲೆ ಧರಣಿ ಕೂತರು, ಸಂಘ ಬಿಟ್ಟುಕೊಡಲಿಲ್ಲ. 2021ರ ಫೆಬ್ರವರಿಯಲ್ಲಿ ಕಂಪನಿ ಒಪ್ಪಂದಕ್ಕೆ ಬಂತು. ಅದಕ್ಕೂ ಮುಂಚೆ 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗೆ ಇಳಿದರು. ಪಿಎಫ್ ಹಣವನ್ನು ವಾಪಸ್ ತೆಗೆಯುವುದಕ್ಕೆ ಕೇಂದ್ರ ಸರ್ಕಾರ ತಂದಿದ್ದ ತಡೆ ಎರಡೇ ದಿನದಲ್ಲಿ ರದ್ದಾಯಿತು. ಇಡೀ ದೇಶದ ಕೆಲಸಗಾರರಿಗೆ ಲಾಭವಾಯಿತು. ಇವೆರಡರಲ್ಲೂ ಬದಲಾವಣೆ ತಂದದ್ದು ಒಗ್ಗಟ್ಟು ಮತ್ತು ಒತ್ತಡ. ಅಮೆರಿಕದಲ್ಲಿ ಯಾರೋ ದುಬಾರಿ ಶರ್ಟು ಕೊಂಡಿದ್ದರಿಂದ ಇದ್ಯಾವುದೂ ಆಗಲಿಲ್ಲ.

ಇಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ನಾನು ಹತ್ತು ವರ್ಷದಿಂದ ಇದ್ದೇನೆ. ಚೀನಾದ ಬಟ್ಟೆಯಲ್ಲಿ ವಿಷ ಇದೆ ಅನ್ನುವ ವಿಡಿಯೋ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. 417 ರೂಪಾಯಿಯ ಸುದ್ದಿ ಒಂದು ಸಲವೂ ಬಂದಿಲ್ಲ. ಹೊಲಿದವರು ಕನ್ನಡ ಮಾತಾಡುವ ಹೆಂಗಸರು. ಅವರ ಪರವಾಗಿ ಕನ್ನಡದಲ್ಲೇ ಒಂದು ಸಾಲು ಬರೆಯಲು ಯಾರಿಗೂ ಪುರುಸೊತ್ತಾಗಲಿಲ್ಲ.

ಹಾಗಾದರೆ ಶೀಇನ್ ಒಳ್ಳೆಯದಾ?

ಇಲ್ಲ. ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಸಂಸ್ಥೆ 2021ರಲ್ಲಿ ಗ್ವಾಂಗ್‌ಝೌ ನಗರದಲ್ಲಿ ಶೀಇನ್‌ಗೆ ಹೊಲಿಯುವ ಸಣ್ಣ ಘಟಕಗಳಲ್ಲಿ ವಾರಕ್ಕೆ 75 ಗಂಟೆ ದುಡಿಯುವವರನ್ನು ಕಂಡಿತು. ಪೂರೈಕೆದಾರರಲ್ಲಿ ಬಾಲಕಾರ್ಮಿಕರ ಎರಡು ಪ್ರಕರಣ ಸಿಕ್ಕಿದ್ದವು ಅಂತ ಶೀಇನ್ ಕಂಪನಿಯೇ 2024ರಲ್ಲಿ ಒಪ್ಪಿಕೊಂಡಿದೆ. ನಾನು ಯಾವ ಆ್ಯಪಿನ ವಕಾಲತ್ತಿಗೂ ಬಂದಿಲ್ಲ. ಅಗ್ಗದ ಕಂಪನಿ ಮಾಡುವ ಅನ್ಯಾಯವನ್ನು ದುಬಾರಿ ಕಂಪನಿಯೂ ಮಾಡುತ್ತದೆ, ಹಾಗಾಗಿ ಬೆಲೆಯನ್ನು ಅಳತೆಗೋಲು ಮಾಡಿಕೊಳ್ಳಬೇಡಿ ಅನ್ನುವುದಷ್ಟೇ ನನ್ನ ಮಾತು.

ಇನ್ನೊಂದು ಆಕ್ಷೇಪ: ಅಗ್ಗದ ಬಟ್ಟೆ ಬೇಗ ಹರಿದು ಕಸವಾಗುತ್ತದೆ, ಭೂಮಿ ಹಾಳು. ಕಸದ ಮಾತು ನಿಜ. ಆದರೆ ಕಸ ಮಾಡುವವರು ಯಾರು? ಕ್ಯಾಮೆರಾ ಮುಂದೆ ನಲವತ್ತು ಬಟ್ಟೆ ಸುರಿದು ತೋರಿಸುವವರು, ವಾರಕ್ಕೊಂದು ಪಾರ್ಟಿಗೆ ಹೊಸದು ಬೇಕೆನ್ನುವವರು, ಕ್ಲಾಸೆಟ್ಟಿನಲ್ಲಿ ಜಾಗ ಸಾಲದೆ ಗ್ಯಾರೇಜಿಗೆ ತುಂಬುವವರು. ವಿದ್ಯಾರ್ಥಿಗೆ ಇರುವುದು ಎರಡು ಹೂಡಿ. ಒಂದು ಒಗೆಯಲು, ಒಂದು ಹಾಕಲು. ನಾನು ಎಂ.ಎಸ್. ಮಾಡಲು ಬಂದ ವರ್ಷ ತರಿಸಿಕೊಂಡ ಬೂದು ಬಣ್ಣದ ಜಾಕೆಟ್ ಗಡಿ ದಾಟಿ ಬರಲು ಮೂರು ವಾರ ಹಿಡಿಯಿತು, ನಾಲ್ಕು ಚಳಿಗಾಲ ಬಾಳಿತು. ಒಂದು ಬಟ್ಟೆಯನ್ನು ಎಷ್ಟು ಸಲ ಹಾಕಿದೆವು ಅನ್ನುವುದರಿಂದ ಕಸದ ಲೆಕ್ಕ ಮಾಡಬೇಕು. ಆ ಲೆಕ್ಕದಲ್ಲಿ ಬಡ ವಿದ್ಯಾರ್ಥಿ ಯಾವತ್ತೂ ಗೆಲ್ಲುತ್ತಾನೆ.

ಒಂದು ವಿಷಯದಲ್ಲಿ ಮಾತ್ರ ನಾನು ಕಿರಿಯರ ಜೊತೆಗಿಲ್ಲ. ಅದು ನಕಲಿ ಲೋಗೋ. ಬೆಂಗಳೂರಿನ ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್ ಸುತ್ತಿದವರಿಗೆ ಇದರ ರುಚಿ ಗೊತ್ತು. ನಕಲಿ ಬ್ರ್ಯಾಂಡಿನ ಸರಕನ್ನು ಕಸ್ಟಮ್ಸ್‌ನವರು ಕಿತ್ತುಕೊಳ್ಳಬಹುದು, ದುಡ್ಡು ಹೋದ ಹಾಗೇ. ಅದಕ್ಕಿಂತ ಮುಖ್ಯವಾಗಿ, ಆ ನಕಲಿ ಲೋಗೋ ಉಪದೇಶ ಮಾಡುವವರ ತಕ್ಕಡಿಯನ್ನೇ ಒಪ್ಪಿಕೊಂಡ ಹಾಗೆ. ಹೆಸರಿಲ್ಲದ ದಪ್ಪ ಹತ್ತಿಯ ಹೂಡಿ ಹಾಕಿ ತಲೆ ಎತ್ತಿ ನಡೆಯಿರಿ. ಸುಳ್ಳು ಹೆಸರಿನ ಹಂಗು ಯಾಕೆ?

ಸುಂಕ ಏರಿತು, ಕೂಲಿ ಏರಿತೇ?

2025ರಲ್ಲಿ ಈ ಬಾಗಿಲು ಮುಚ್ಚಿತು. ಮೇ 2ರಂದು ಚೀನಾ ಮತ್ತು ಹಾಂಗ್‌ಕಾಂಗ್ ಸರಕಿಗೆ, ಆಗಸ್ಟ್ 29ರಂದು ಉಳಿದೆಲ್ಲ ದೇಶಗಳಿಗೆ ಡಿ ಮಿನಿಮಿಸ್ ವಿನಾಯಿತಿ ನಿಂತಿತು. ಸಂಸತ್ತು ಮಾಡಿದ ಕಾಯಿದೆಯಲ್ಲೂ 2027ರ ಜುಲೈ 1ರಿಂದ ಅದನ್ನು ತೆಗೆದುಹಾಕಲು ಬರೆದಾಗಿದೆ. ನಮ್ಮ ಕೆಲವರಿಗೆ ಇದರಿಂದ ಖುಷಿಯೋ ಖುಷಿ: "ಸರಿಯಾಯ್ತು, ಇನ್ನು ಅಗ್ಗದ ಹಾವಳಿ ಮುಗೀತು."

ಯಾರಿಗೆ ಸರಿಯಾಯ್ತು? 2025ರ ಮೇ ಮಧ್ಯದಿಂದ ಚೀನಾದ ಅಂಚೆ ಪೊಟ್ಟಣಕ್ಕೆ ಶೇ. 54 ಸುಂಕ, ಇಲ್ಲವೇ ಪೊಟ್ಟಣಕ್ಕೆ 100 ಡಾಲರ್ ಅಂತ ಮಾಡಿದರು. 22 ಡಾಲರಿನ ಹೂಡಿಗೆ ಶೇ. 54 ಅಂದರೆ ಹತ್ತಿರ ಹತ್ತಿರ 12 ಡಾಲರ್ ಸೇರಿ 34 ಆಯಿತು. ಆ 12 ಡಾಲರಿನಲ್ಲಿ ಗ್ವಾಂಗ್‌ಝೌನಲ್ಲಿ 75 ಗಂಟೆ ದುಡಿದವನಿಗೆ ಒಂದು ಸೆಂಟೂ ಹೋಗಲಿಲ್ಲ, ಅವನ ಕೆಲಸದ ಗಂಟೆ ಒಂದೂ ಕಡಿಮೆಯಾಗಲಿಲ್ಲ. ಹಣ ಹೋದದ್ದು ಅಮೆರಿಕದ ಬೊಕ್ಕಸಕ್ಕೆ, ಕೊಟ್ಟವನು ವಾರಕ್ಕೆ 415 ಡಾಲರ್ ದುಡಿಯುವವನು. ಕಾರ್ಮಿಕರ ಹೆಸರಿನಲ್ಲಿ ಇದಕ್ಕೆ ಚಪ್ಪಾಳೆ ತಟ್ಟುವುದು ಯಾವ ನ್ಯಾಯ?

ನಮ್ಮೂರಿಗೂ ಏಟು ಬಿತ್ತು. ಭಾರತದ ಸರಕಿನ ಮೇಲಿನ ಹೆಚ್ಚುವರಿ ಸುಂಕ ಆ ಆಗಸ್ಟಿನಲ್ಲಿ ಶೇ. 50ಕ್ಕೆ ಏರಿತು. ಆಗಸ್ಟ್ 25ರಿಂದ ಭಾರತೀಯ ಅಂಚೆ ಇಲಾಖೆ ಅಮೆರಿಕಕ್ಕೆ ಹೋಗುವ ಬಹುತೇಕ ಪಾರ್ಸೆಲ್‌ಗಳನ್ನು ನಿಲ್ಲಿಸಿತು, ಮತ್ತೆ ಶುರುವಾದದ್ದು ಅಕ್ಟೋಬರ್ 15ಕ್ಕೆ. ಬಳ್ಳಾರಿಯ ಸಣ್ಣ ಜೀನ್ಸ್ ಘಟಕದವನೋ, ಬೆಂಗಳೂರಿನಲ್ಲಿ ಕನ್ನಡ ಅಕ್ಷರ ಅಚ್ಚು ಹಾಕಿ ಟೀ ಶರ್ಟ್ ಮಾರುವ ಹುಡುಗಿಯೋ ಇಲ್ಲಿನ ನಮಗೆ ಒಂದೊಂದಾಗಿ ಕಳಿಸಲು ಇದ್ದ ಸುಲಭ ದಾರಿ ಅಂಚೆಯೇ. ಚೀನಾದ ದೊಡ್ಡ ಕಂಪನಿ ಇಲ್ಲೇ ಗೋದಾಮು ಮಾಡಿಕೊಂಡು ಬದುಕಿಕೊಳ್ಳುತ್ತದೆ. ಸಣ್ಣವರಿಗೆ ಗೋದಾಮು ಎಲ್ಲಿಂದ ಬರಬೇಕು? "ಅಗ್ಗದ ಹಾವಳಿ" ಮುಗಿಯಲಿ ಅಂತ ಹಾರೈಸಿದವರು ನಮ್ಮವರ ದಾರಿಯೂ ಅದೇ ಆಗಿತ್ತು ಅನ್ನುವುದನ್ನು ನೋಡಲೇ ಇಲ್ಲ.

ಏನು ಮಾಡಬಹುದು

ಕಿರಿಯರಿಗೆ ಮೊದಲು. ಆ್ಯಪಿನಲ್ಲಿ ತೋರಿಸುವ ಬೆಲೆ ನಂಬಬೇಡಿ, ಮನೆ ಬಾಗಿಲಿಗೆ ಬರುವ ಹೊತ್ತಿಗೆ ಎಷ್ಟಾಗುತ್ತದೆ ನೋಡಿ: ಬೆಲೆ, ಸಾಗಾಟ, ಸುಂಕ, ಕೊರಿಯರ್‌ನವರ ಶುಲ್ಕ, ಮಾರಾಟ ತೆರಿಗೆ. ಸುಂಕ ಸೇರಿದೆಯೋ ಇಲ್ಲವೋ ಅಂತ ಮಾರಾಟಗಾರನನ್ನು ಮೊದಲೇ ಕೇಳಿ. ಎಸ್, ಎಂ, ಎಲ್ ಅನ್ನುವ ಅಳತೆ ದೇಶಕ್ಕೊಂದು ಥರ, ಹಾಗಾಗಿ ನಿಮಗೆ ಸರಿಯಾಗಿ ಕೂರುವ ಒಂದು ಬಟ್ಟೆಯನ್ನು ಟೇಪಿನಲ್ಲಿ ಅಳೆದು ಸೆಂಟಿಮೀಟರಿನ ಪಟ್ಟಿಗೆ ಹೋಲಿಸಿ. ಬಟ್ಟೆಯ ತೂಕ ಎಷ್ಟು ಜಿಎಸ್‌ಎಂ ಅಂತ ಕೇಳಿ. ಚಳಿಗೆ ಹೂಡಿ ಬೇಕೆಂದರೆ 300ಕ್ಕಿಂತ ಕೆಳಗೆ ಇಳಿಯಬೇಡಿ. ವಾಪಸ್ ಕಳಿಸುವ ಖರ್ಚು ಬಟ್ಟೆಗಿಂತ ಹೆಚ್ಚಾಗುವುದೇ ಹೆಚ್ಚು, ಹಾಗಾಗಿ ವಾಪಸ್ ಇಲ್ಲ ಅಂದುಕೊಂಡೇ ಕೊಳ್ಳಿ. ಸೆಕೆಂಡ್‌ಹ್ಯಾಂಡ್ ಅಂಗಡಿಯ ಬಾಗಿಲು ತಟ್ಟಲು ನಾಚಿಕೆ ಬೇಡ. ವ್ಯಾಲ್ಯೂ ವಿಲೇಜ್ ಕಂಪನಿಯ ಮುಖ್ಯ ಕಚೇರಿ ಇರುವುದೇ ಬೆಲ್‌ವ್ಯೂವಿನಲ್ಲಿ.

ಇನ್ನು ಹಿರಿಯರಿಗೆ. ಆರ್‌ಇಐ ಕಥೆಯಲ್ಲಿ ಹಿಮಗೊಡಲಿಗಿಂತ ದೊಡ್ಡದು ಆ 23 ಜನ ಒಟ್ಟಾದದ್ದು. ಸಹಕಾರ ನಮಗೇನು ಹೊಸದಲ್ಲ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ರೈತರು ಸೇರಿ ಸೊಸೈಟಿ ಕಟ್ಟಿದ್ದರು. ಅವರ ಮೊಮ್ಮಕ್ಕಳ ಮಕ್ಕಳು ನಾವು, ಇಷ್ಟು ಸಂಬಳ ತರುವವರು, ಯುಗಾದಿ ಮತ್ತು ರಾಜ್ಯೋತ್ಸವಕ್ಕೆ ಹಾಲ್ ಬಾಡಿಗೆ ಹಿಡಿಯುವಷ್ಟು ಸಂಘಟನೆ ಇರುವವರು. ಹೊಸದಾಗಿ ಬಂದ ಮಕ್ಕಳಿಗಾಗಿ ಹಾಗೊಂದು ಸೊಸೈಟಿ ಕಟ್ಟುವುದು ಕಷ್ಟವೇ? ಇಪ್ಪತ್ತು ಮೂವತ್ತು ಜನರ ಆರ್ಡರ್ ಒಟ್ಟು ಮಾಡಿ ಬಳ್ಳಾರಿಯಿಂದಲೋ ಬೆಂಗಳೂರಿನಿಂದಲೋ ಒಂದೇ ಪೆಟ್ಟಿಗೆಯಲ್ಲಿ ತರಿಸಿದರೆ ಸಾಗಾಟದ ಖರ್ಚು ಹಂಚಿಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಯಾರು ಹೊಲಿದರು, ಎಷ್ಟು ಕೂಲಿ ಸಿಕ್ಕಿತು ಅಂತ ಕನ್ನಡದಲ್ಲೇ ಫೋನ್ ಮಾಡಿ ಕೇಳಬಹುದು. ಗ್ವಾಂಗ್‌ಝೌಗೆ ಆ ಫೋನ್ ನಾವು ಮಾಡಲಾರೆವು. ಬಳ್ಳಾರಿಗೆ ಮಾಡಬಹುದು.

ದುಬಾರಿ ಬ್ರ್ಯಾಂಡ್ ಕೊಳ್ಳುವ ಶಕ್ತಿ ಇರುವವರಿಗೆ ಇನ್ನೊಂದು ಕೆಲಸ ಇದೆ. ಆ ಕಂಪನಿ ನಿಮ್ಮ ಮಾತು ಕೇಳುತ್ತದೆ, ಯಾಕೆಂದರೆ ನೀವು ಅದರ ಗಿರಾಕಿ. ಎಷ್ಟೋ ಜನರ ನಿವೃತ್ತಿ ನಿಧಿಯಲ್ಲಿ ಆ ಕಂಪನಿಯ ಷೇರೂ ಇರುತ್ತದೆ. ಮುಂದಿನ ಸಲ ನೂರು ಡಾಲರ್ ಕೊಟ್ಟು ಹೂಡಿ ಕೊಂಡಾಗ ಕಂಪನಿಗೆ ಎರಡು ಸಾಲು ಬರೆಯಿರಿ: "ಕರ್ನಾಟಕದ ಯಾವ ಕಾರ್ಖಾನೆಯಲ್ಲಿ ನಿಮ್ಮ ಬಟ್ಟೆ ಹೊಲಿಸುತ್ತೀರಿ? ಅಲ್ಲಿನವರಿಗೆ ಕನಿಷ್ಠ ವೇತನ, ತುಟ್ಟಿಭತ್ಯೆ ಬಾಕಿ ಇಲ್ಲದೆ ಸಿಕ್ಕಿದೆಯೇ?" ಉತ್ತರ ಬಂದರೆ ಆ ವಾಟ್ಸಾಪ್ ಗುಂಪಿಗೆ ಹಾಕಿ. ಬರದಿದ್ದರೆ ಅದನ್ನೂ ಹಾಕಿ.